ಹಮೀದಾಕ, ನಾವು ಸತ್ತ ಟಯರು ಮಾರಿದೆವು

ಪ್ರೀತಿಯ ಹಮೀದಾಕ,

ಕಬಕದ ನಿಮ್ಮ ಅಂಗಡಿಯಲ್ಲಿ, ನೀವು ಕೂರುತ್ತಿದ್ದ ಬೆಂಚಿನ ಮೇಲೆ ಕೂತು ದಯಾನಂದ ಬರೆಯುತ್ತಿದ್ದೇನೆ. ನೀವು ಕನ್ನಡವನ್ನು ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಿರಿ. ಅದಕ್ಕೆ ಅಕ್ಷರ ದೊಡ್ಡದು ಮಾಡಿದ್ದೇನೆ. ನೀವು ಹೋಗಿ ಎರಡು ವರ್ಷ ಕಳೆಯಿತು. ಇಷ್ಟು ದಿನ ಬರೆಯದೆ ಇದ್ದದ್ದು ಪುರುಸೊತ್ತಿಲ್ಲದೆ ಅಲ್ಲ. ಹೇಳಬೇಕಾದ ವಿಷಯ ಹೇಸಿಗೆಯದು. ನಿಮ್ಮ ಅಂಗಡಿಯಿಂದ ನಾವು ಸತ್ತ ಟಯರು ಮಾರಿದೆವು. ಈ ವಾಕ್ಯವನ್ನು ಮೊದಲು ಬರೆದಾಗ ‘ನನ್ನ ಭಾವ ಉಮೇಶ ಮಾರಿದ’ ಎಂದಿತ್ತು. ಹರಿದು ಎಸೆದು ಮತ್ತೆ ಬರೆದೆ.

ನಿಮ್ಮನ್ನು ಮೊದಲು ಕಂಡ ದಿನ ನಾನು ನೆಲದ ಮೇಲಿದ್ದೆ. ಆಗ ನಾನು ಊರೂರು ಸುತ್ತಿ ತೋಟದ ಪಂಪು ರಿಪೇರಿ ಮಾಡುತ್ತಿದ್ದವ. ಗುಡ್ಡ ಹತ್ತುವ ಹಳೆಯ ಬೈಕೊಂದನ್ನು ಕೊಂಡು, ಮೊಬೈಲಿನಲ್ಲಿ ವೀಡಿಯೊ ನೋಡಿ, ಎರಡೂ ಚಕ್ರಕ್ಕೆ ಬಟನ್ ಟಯರು ಹಾಕಿಸಿದ್ದೆ. ಹೆಬ್ಬೆರಳ ಗಾತ್ರದ ರಬ್ಬರ್ ತುಂಡುಗಳು ದೂರ ದೂರ ಎದ್ದು ನಿಂತಿರುವ, ಬರೀ ಕೆಸರಿಗೆಂದು ಮಾಡಿದ ಟಯರು. ಮರ್ಕಂಜದ ನನ್ನ ಮನೆಯಿಂದ ಬರುತ್ತಾ, ಮೊದಲ ಮಳೆಗೆ ಒದ್ದೆಯಾದ ಡಾಂಬರಿನಲ್ಲಿ ನಿಮ್ಮ ಅಂಗಡಿಯ ಎದುರಿಗೇ ಜಾರಿ ಬಿದ್ದೆ. ನೀವು ಓಡಿ ಬಂದು ಮೊದಲು ನನ್ನ ಮೊಣಕಾಲು ನೋಡಿದಿರಿ. ಆಮೇಲೆ ಟಯರು.

“ಎಂತ ಮಾರಾಯ, ಇದು ಬೈಕಾ, ಗದ್ದೆ ಉಳುವ ಟಿಲ್ಲರಾ?”

“ಗುಡ್ಡೆಗೆ ಹೋಗ್ಲಿಕ್ಕೆ ಉಂಟು,” ಎಂದೆ.

“ದಿನಾ ಗುಡ್ಡೆಯಲ್ಲೇ ಇರುದಾ ನೀನು?”

“ಇಲ್ಲ, ಮನೆ ಹತ್ತಿರ ಕೊನೆಗೆ ಒಂದೆರಡು ಕಿಲೋಮೀಟರ್...”

“ಆ ಎರಡು ಕಿಲೋಮೀಟರಿಗೆ ಬೇಕಾಗಿ ಉಳಿದ ನಲವತ್ತರಲ್ಲಿ ಬೀಳುದಾ?”

ಆ ಪ್ರಶ್ನೆಯ ಹಿಂದೆ ಹೋಗಿಯೇ ನಾನು ನಿಮ್ಮ ಅಂಗಡಿ ಸೇರಿದ್ದು. ಪಂಪಿನ ಸ್ಪ್ಯಾನರು ಬಿಟ್ಟು ಟಯರಿನ ಲಿವರು ಹಿಡಿದದ್ದು.

ಚಾಕಪೀಸಿನಿಂದ ನೆಲದ ಮೇಲೆ ಹತ್ತು ಗೆರೆ ಎಳೆಯುತ್ತಿದ್ದಿರಿ, ನೆನಪಿದೆಯೇ? ಟಯರು ಕೇಳಿ ಬಂದವರನ್ನು ಕೂರಿಸಿ, “ನೀವು ಹೋಗುವ ದಾರಿ ಹತ್ತು ಪಾಲು ಮಾಡಿದ್ರೆ ಡಾಂಬರು ಎಷ್ಟು, ಮಣ್ಣು ಎಷ್ಟು? ಹಿಂದೆ ಎಂತ ಹೇರುದು?” ಎಂದು ಕೇಳುತ್ತಿದ್ದಿರಿ. ಕಂಪನಿಯ ಹೆಸರು ಕೊನೆಯ ಮಾತು. ಎಂಟು ಪಾಲು ಡಾಂಬರು ಎಂದವನಿಗೆ ಬಟನ್ ಟಯರು ಕೊಡುತ್ತಲೇ ಇರಲಿಲ್ಲ. ಅರ್ಧ ಅರ್ಧ ಎಂದವನಿಗೆ ನಡುವೆ ಬಿಡದೆ ಸಾಗುವ ಒಂದು ಪಟ್ಟಿ, ಅದರ ಎರಡೂ ಬದಿಗೆ ಒತ್ತೊತ್ತಾಗಿ ಹಲ್ಲುಗಳಿರುವ ಟಯರು. “ಡಾಂಬರಿಗೆ ನಡು, ಮಣ್ಣಿಗೆ ಬದಿ” ಎನ್ನುತ್ತಿದ್ದಿರಿ. ರಬ್ಬರಿಗೆ ಉಗುರು ಒತ್ತಿ ನೋಡಲು ಕಲಿಸಿದಿರಿ. ಉಗುರಿನ ಗುರುತು ಕೂರದಿದ್ದರೆ ಅದು ಒಣಗಿದೆ, ಎಷ್ಟು ಹೊಸದಾಗಿ ಕಂಡರೂ ಬೇಡ. ಪಕ್ಕದಲ್ಲಿ ಸಣ್ಣದಾಗಿ ಒತ್ತಿರುವ ನಾಲ್ಕು ಅಂಕೆಗಳಲ್ಲಿ ಮೊದಲ ಎರಡು ವಾರ, ಕೊನೆಯ ಎರಡು ವರ್ಷ, ಅದೇ ಟಯರಿನ ಜಾತಕ ಎಂದು ತೋರಿಸಿದಿರಿ. ಕೆಸರಿಗೆ ಇಳಿಯುವಾಗ ಸ್ವಲ್ಪ ಗಾಳಿ ಬಿಡು, ಡಾಂಬರಿಗೆ ಹತ್ತಿದ ಕೂಡಲೇ ತುಂಬಿಸು. ಗಲ್ಫಿನ ಮರಳುಗಾಡಿನ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ಕಲಿತದ್ದನ್ನು ನೀವು ನನಗೆ ಎರಡು ಮಳೆಗಾಲದಲ್ಲಿ ಕೊಟ್ಟಿರಿ.

ಸವೆದ ಟಯರನ್ನು ಬಿಚ್ಚಿದ ಕೂಡಲೇ ನೀವು ಗರಗಸ ಎತ್ತಿಕೊಳ್ಳುತ್ತಿದ್ದಿರಿ. ಅಂಚಿನ ತಂತಿಯ ಸಮೇತ ಅಡ್ಡಕ್ಕೆ ಕೊಯ್ದ ಮೇಲೆಯೇ ಅದು ಹಿತ್ತಿಲಿನ ರಾಶಿಗೆ ಹೋಗಬೇಕು. “ಇಷ್ಟು ಕಷ್ಟ ಯಾಕೆ ಹಮೀದಾಕ, ಗುಜರಿಯವ ಹೇಗೂ ಕೊಂಡು ಹೋಗ್ತಾನಲ್ಲ?” ಎಂದು ಕೇಳಿದ್ದೆ. “ಸತ್ತದ್ದನ್ನು ಯಾರೂ ಎದ್ದು ನಿಲ್ಲಿಸ್ಬಾರ್ದು, ದಯಾ” ಎಂದಿರಿ. ಆಗ ನಗು ಬಂದಿತ್ತು. ಎಷ್ಟು ದೊಡ್ಡ ಮಾತಿಗೆ ಎಷ್ಟು ಹಗುರವಾಗಿ...

ಅಂಗಡಿಗೆ ಹೊರಟು ಚಪ್ಪಲಿ ಹಾಕುವಾಗಲೇ ನೀವು ಕುಸಿದು ಮತ್ತೆ ಏಳದ ಆ ಬೆಳಿಗ್ಗೆಯ ನಂತರ, ನಲವತ್ತನೆಯ ದಿನ ಕಳೆದ ಮೇಲೆ, ನಿಮ್ಮ ಹೆಂಡತಿ ಆಯಿಶಮ್ಮ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. “ಹೆಣ್ಣುಮಕ್ಕಳಿಬ್ಬರೂ ದೂರ ಇದ್ದಾರೆ. ನಮ್ಮವರು ಕಲಿಸಿದ್ದು ನಿನಗೆ. ನೀನೇ ನಡೆಸು” ಎಂದರು. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ ಎಂದು ನನ್ನ ತಂಗಿಯ ಗಂಡ ಉಮೇಶನನ್ನು ಸೇರಿಸಿಕೊಂಡೆ. ನೀವು ಅವನನ್ನು ಒಮ್ಮೆ ನೋಡಿದ್ದೀರಿ, ತಂಗಿಯ ಮದುವೆಯಲ್ಲಿ. “ನಿನ್ನ ಭಾವ ಚೆನ್ನಾಗಿ ಮಾತಾಡ್ತಾನೆ” ಎಂದು ಮಾತ್ರ ಹೇಳಿದ್ದಿರಿ. ಅದು ಹೊಗಳಿಕೆ ಎಂದು ತಿಳಿದಿದ್ದೆ.

ಒಂದು ಭಾನುವಾರ ಎಂಟು ಬೈಕುಗಳು ಒಟ್ಟಿಗೆ ಬಂದು ನಿಂತವು. ಉಮೇಶ ಅಂಗಡಿಯ ವೀಡಿಯೊ ಹಾಕತೊಡಗಿದ್ದ. ಅದನ್ನು ನೋಡಿ ದೂರದ ಪೇಟೆಗಳಿಂದ ಜನ ಬರುತ್ತಿದ್ದರು. ಮೈತುಂಬ ಕವಚ, ಹೆಲ್ಮೆಟ್ಟಿನ ಮೇಲೆ ಕ್ಯಾಮರಾ. ಅವರಲ್ಲೊಬ್ಬನಿಗೆ ನಿಮ್ಮ ಹಾಗೆ ಹತ್ತು ಗೆರೆ ಎಳೆದು ಕೇಳಿದೆ. “ಅದೆಲ್ಲ ಬೇಡ ಬಾಸ್, ಫೋಟೋದಲ್ಲಿ ದಪ್ಪ ಕಾಣೋದು ಯಾವುದು?” ಎಂದ. ಉಮೇಶ ನನ್ನ ಕೈಯಿಂದ ಚಾಕಪೀಸು ತೆಗೆದುಕೊಂಡು ದಪ್ಪದ್ದನ್ನು ಹಾಕಿ ಕಳಿಸಿದ. ಅವರು ಕಡಬದ ಕಡೆಯ ಗುಡ್ಡವೊಂದಕ್ಕೆ ಹೋಗಿ, ಜನ ನೀರಿಗೆ ನಡೆಯುವ ಕಾಲುದಾರಿಯನ್ನು ಗುಳಿ ಬೀಳುವಂತೆ ಕೆರೆದು, ಕೆಸರು ಹಾರಿಸಿ ನಗುವುದನ್ನು ಸಂಜೆ ಮೊಬೈಲಿನಲ್ಲಿ ನೋಡಿದೆ. ದಾರಿಯ ಬದಿಯಲ್ಲಿ ಒಬ್ಬಳು ಅಜ್ಜಿ ಕೊಡ ಹಿಡಿದು ಕಾಯುತ್ತಿದ್ದಳು, ಅವಳ ಸೀರೆಯ ತುಂಬ ಕೆಸರು. ಥೂ. ಆದರೆ ಆ ಚಕ್ರಗಳಿಗೆ ಗಾಳಿ ತುಂಬಿಸಿದವನು ಯಾರು, ಹಮೀದಾಕ? ನಾನೇ ಅಲ್ಲವೇ?

ಸುಟ್ಟ ರಬ್ಬರಿನ ವಾಸನೆ ಮೊದಲು ಬಂದದ್ದು ಈ ವರ್ಷದ ಜನವರಿಯಲ್ಲಿ. ನಾನು ಎದುರುಗಡೆ ಪಂಕ್ಚರು ತೆಗೆಯುತ್ತಿದ್ದೆ. ಹಿತ್ತಿಲಿನ ಶೀಟಿನ ಕೋಣೆಯಿಂದ ಸಣ್ಣ ಹೊಗೆ. ಅದಕ್ಕೂ ಒಂದು ತಿಂಗಳ ಹಿಂದೆ ಉಮೇಶ, “ಹಳೆ ಟಯರು ಕೊಯ್ಯುದು ಬೇಡ ಭಾವ, ಗಿಡಗಳ ಬುಡಕ್ಕೆ ಇಡ್ಲಿಕ್ಕೆ ಒಬ್ರು ಕೇಳ್ತಾರೆ” ಎಂದಿದ್ದ. ನಾನು ಗರಗಸವನ್ನು ಗೋಡೆಗೆ ತೂಗುಹಾಕಿದ್ದೆ. ಈಗ ಹಿಂದೆ ಹೋಗಿ ನೋಡಿದರೆ, ಆ ಭಾನುವಾರದವರಂಥವರು ಬಿಟ್ಟುಹೋದ ಸವೆದ ಟಯರನ್ನು ಕಾಲ ನಡುವೆ ಹಿಡಿದು, ಕಾಯಿಸಿದ ಅಲಗಿನಿಂದ ಅದರಲ್ಲಿ ಹೊಸ ಗೀರು ಕೊರೆಯುತ್ತಿದ್ದ. ಪಕ್ಕದಲ್ಲಿ ಕಪ್ಪು ಪಾಲಿಶಿನ ಡಬ್ಬಿ. ನಾಲ್ಕು ಅಂಕೆಗಳ ಜಾಗವನ್ನು ಉಜ್ಜಿ ನುಣ್ಣಗೆ ಮಾಡಿದ್ದ.

“ಎಂತ ಮಾಡ್ತಿದ್ದಿ ಉಮೇಶ?”

“ಸ್ವಲ್ಪ ಚಂದ ಮಾಡುದು. ಸೆಕೆಂಡ್ಸ್ ಅಂತ ಹೇಳಿಯೇ ಕೊಡುದು. ಎಲ್ರೂ ಮಾಡ್ತಾರೆ.”

ನಾನು ಏನು ಮಾಡಿದೆ ಗೊತ್ತೇ? “ಹೊಗೆ ಎದುರಿಗೆ ಬರ್ತದೆ, ಬಾಗಿಲು ಹಾಕು” ಎಂದೆ. ಅಷ್ಟೇ. ವಾಸನೆಗೆ ಮೂಗು ಮುಚ್ಚಿಕೊಂಡು ಎದುರುಗಡೆಗೆ ಬಂದೆ. ತಂಗಿಯ ಗಂಡ, ಮನೆಯಲ್ಲಿ ಜಗಳ ಯಾಕೆ, ತೆಗೆದುಕೊಳ್ಳುವವರು ನೋಡಿಕೊಳ್ಳಲಿ... ಇಂಥ ಮಾತುಗಳನ್ನು ನನಗೆ ನಾನೇ ಎಷ್ಟು ಸಲೀಸಾಗಿ ಹೇಳಿಕೊಂಡೆ!

ಲಿಸ್ಸಿ ಚೇಚಿ ಬೈಕು ತಂದು ನಿಲ್ಲಿಸಿದ್ದು ಫೆಬ್ರವರಿಯ ಒಂದು ಮಧ್ಯಾಹ್ನ. ನಿಮಗೆ ಪರಿಚಯವಿಲ್ಲ. ಪೆರಾಬೆಯವರು, ಕೇರಳದಿಂದ ಬಂದು ರಬ್ಬರು ಹಾಕಿದ ಮನೆತನದ ಹೆಂಗಸು, ಐವತ್ತರ ಹತ್ತಿರದ ಪ್ರಾಯ, ಹಾಗಾಗಿ ಅಕ್ಕ ಎನ್ನದೆ ಅವರ ಮಾತಿನಲ್ಲೇ ಚೇಚಿ ಎನ್ನುತ್ತೇನೆ. ಕಡಬ, ನೆಲ್ಯಾಡಿ ಕಡೆಯ ರಬ್ಬರ್ ತೋಟಗಳಲ್ಲಿ ಜೇನುಪೆಟ್ಟಿಗೆ ಇಡುವುದು ಅವರ ಕೆಲಸ. ರಬ್ಬರು ಎಲೆ ಉದುರಿಸಿ ಹೊಸ ಚಿಗುರು ಬಿಡುವಾಗ ಎಲೆಯ ತೊಟ್ಟಿನಲ್ಲಿ ಸಿಹಿ ಒಸರುತ್ತದಂತೆ. ಜೇನಿಗೆ ಅದೇ ಸುಗ್ಗಿ. ತೋಟದ ಒಳಗೆ ಚರಳುಕಲ್ಲಿನ ದಾರಿ, ಹೊರಗೆ ಡಾಂಬರು, ಬೈಕಿನ ಹಿಂದೆ ಎರಡು ಕ್ಯಾನು ಜೇನು. ನಿಮ್ಮ ಹತ್ತು ಗೆರೆಗೆ ಇವರಿಗಿಂತ ಒಳ್ಳೆಯ ಗಿರಾಕಿ ಯಾರು? ಆರು ಡಾಂಬರು, ನಾಲ್ಕು ಮಣ್ಣು, ಮೇಲೆ ಭಾರ. ನಡುವೆ ಪಟ್ಟಿ ಇರುವ, ಭಾರ ತಡೆಯುವ ಹಿಂದಿನ ಟಯರು ಬೇಕಿತ್ತು. ಅದು ಆ ದಿನ ಅಂಗಡಿಯಲ್ಲಿ ಇರಲಿಲ್ಲ. ಒಂದು ವಾರ ಕಾಯಿರಿ ಎನ್ನಬಹುದಿತ್ತು.

ಉಮೇಶ ಹಿತ್ತಿಲಿನಿಂದ ಮಿರಿಮಿರಿ ಮಿಂಚುವ ಒಂದನ್ನು ಉರುಳಿಸಿಕೊಂಡು ಬಂದ. “ಒಬ್ರು ಶೋಕಿಗೆ ಹಾಕಿ ತಿಂಗಳಲ್ಲಿ ಬಿಚ್ಚಿದ್ದು ಚೇಚಿ, ಹೊಸದರ ಹಾಗೇ ಉಂಟು.”

ಅವರು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. “ಹಮೀದಾಕನ ಅಂಗಡಿ ಅಂತ ಬಂದದ್ದು ನಾನು. ನನ್ಗೆ ಟಯರಿನ ವಿಷಯ ಗೊತ್ತಿಲ್ಲ. ನೀವು ಹೇಳಿ ದಯಣ್ಣ, ಇದು ಆದೀತಾ?”

ನಾನು “ಆದೀತು” ಎಂದೆ.

ಕಡಬದ ಕಡೆಯಿಂದ ಫೋನು ಬಂದದ್ದು ಮಾರ್ಚಿನಲ್ಲಿ, ಬಿಸಿಲು ನೆತ್ತಿಯಲ್ಲಿರುವಾಗ. ಚೇಚಿಯ ಬೈಕಿನ ಹಿಂಬದಿಯ ಸ್ಟಿಕ್ಕರಿನಲ್ಲಿದ್ದ ನಮ್ಮ ನಂಬರಿಗೆ ಯಾರೋ ಕರೆದಿದ್ದರು. ಪೆರಾಬೆಯ ಇಳಿಜಾರಿನಲ್ಲಿ ಹಿಂದಿನ ಟಯರು ಒಡೆದಿತ್ತು. ನಾನು ಅಲ್ಲಿಗೆ ಮುಟ್ಟುವಾಗ ಅವರನ್ನು ಆಂಬುಲೆನ್ಸಿನಲ್ಲಿ ಕೊಂಡುಹೋಗಿ ಆಗಿತ್ತು. ರಸ್ತೆಯ ಅಗಲಕ್ಕೆ ಜೇನು ಹರಿದಿತ್ತು. ಬಿಸಿ ಡಾಂಬರಿನ ಮೇಲೆ ಜೇನು, ಕೆಂಪು ಧೂಳು, ಒಂದು ಕಡೆ ರಕ್ತ. ಎಲ್ಲವೂ ಕಲಸಿ ಪಾಕದ ಹಾಗೆ. ಅದರ ಮೇಲೆ ನೊಣ, ಇರುವೆ, ಅವುಗಳ ನಡುವೆ ಅದೇ ಸಿಹಿಯನ್ನು ಹುಡುಕಿ ಬಂದು ರೆಕ್ಕೆ ಅಂಟಿ ಒದ್ದಾಡುವ ಜೇನುಹುಳಗಳು. ನಾಲ್ಕೈದು ಜನ ಮೊಬೈಲು ಎತ್ತಿ ಹಿಡಿದಿದ್ದರು. ಒಬ್ಬ ಬೆರಳು ಅದ್ದಿ ನೆಕ್ಕಿ, “ಒರಿಜಿನಲ್ ಜೇನು ಮಾರಾಯ್ರೆ” ಎಂದ. ಮನುಷ್ಯನ ಮೇಲೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಹುಟ್ಟಿರಲಿಲ್ಲ. ಚಪ್ಪಲಿಗೆ ಅಂಟಿದ ಜೇನು ಹೆಜ್ಜೆ ಹೆಜ್ಜೆಗೂ ಪಚಪಚ ಎನ್ನುತ್ತಿತ್ತು.

ಆ ಟಯರನ್ನು ನಾನು ಚಕ್ರದ ಸಮೇತ ಎತ್ತಿ ನೋಡಿದೆ. ಅಲಗು ಎಷ್ಟು ಆಳಕ್ಕೆ ಹೋಗಿತ್ತೆಂದರೆ ಗೀರಿನ ತಳದಲ್ಲಿ ಒಳಗಿನ ನೂಲು ಕಾಣುತ್ತಿತ್ತು. ಸತ್ತ ಮೀನಿನ ಹೊಟ್ಟೆ ಸೀಳಿದ ಹಾಗೆ ಅದೇ ಗೀರಿನಗುಂಟ ಬಾಯಿಬಿಟ್ಟಿತ್ತು. ಪಾಲಿಶು ಕರಗಿ ಕೈಗೆ ಬಂತು. ಬದಿಯನ್ನು ಬಗ್ಗಿಸಿದರೆ ನೂರು ಬಿರುಕು. ಇದನ್ನೆಲ್ಲ ಹಾಕುವ ಮೊದಲೇ ನೋಡಬಹುದಿತ್ತು. ಒಂದು ಉಗುರು ಒತ್ತಿದ್ದರೆ ಸಾಕಿತ್ತು. ರಸ್ತೆಯ ಬದಿಯ ಚರಂಡಿಗೆ ಬಗ್ಗಿ ವಾಂತಿ ಮಾಡಿದೆ, ಹಮೀದಾಕ. ಜನ ನಾನು ರಕ್ತ ನೋಡಿ ಹೆದರಿದೆ ಎಂದುಕೊಂಡರು. ನೀರು ಕೊಟ್ಟರು.

ಉಮೇಶನ ಎದುರು ಆ ಟಯರು ಹಾಕಿದಾಗ ಅವನು ಮೊದಲು ಹೇಳಿದ್ದು, “ಯಾರಾದ್ರೂ ಫೋಟೋ ತೆಗ್ದಿದ್ದಾರಾ?” ಆಮೇಲೆ, “ಓವರ್ ಲೋಡು ಭಾವ. ಆ ಹೆಂಗಸು ಎರಡು ಕ್ಯಾನು ಹೇರಿದ್ರೆ ನಾವೆಂತ ಮಾಡುದು? ಅದನ್ನು ಕೊಯ್ದು ಬಿಸಾಡು ಈಗ.”

ಈಗ ಕೊಯ್ಯಬೇಕಂತೆ! ಅವನ ಮುಖವನ್ನೇ ನೋಡಿದೆ. ಬೆವರಿಲ್ಲ, ನಡುಕವಿಲ್ಲ. ಪಾಲಿಶು ಹಚ್ಚಿದ ಮುಖ. ಹೊಡೆಯಲು ಕೈ ಎದ್ದಿತು. ಆದರೆ ‘ಆದೀತು’ ಎಂದ ಬಾಯಿ ಅವನದಲ್ಲವಲ್ಲ? ಆ ಹೊತ್ತು ನನ್ನ ಮೇಲೆ ನನಗೆ ಹುಟ್ಟಿದ ಹೇಸಿಗೆ ಅವನ ಮೇಲಿನದ್ದಕ್ಕಿಂತ ಕಡಿಮೆ ಇರಲಿಲ್ಲ. “ಇವತ್ತಿಗೆ ಸಾಕು. ಅಂಗಡಿಯಿಂದ ಹೊರಗೆ ನಡಿ” ಎಂದೆ. ಟಯರನ್ನು ಕೊಯ್ಯಲಿಲ್ಲ. ಗೋಣಿಯಲ್ಲಿ ಕಟ್ಟಿ ಇಟ್ಟೆ.

ಪುತ್ತೂರಿನ ಆಸ್ಪತ್ರೆಗೆ ಮೊದಲ ಸಲ ಹೋದಾಗ ಚೇಚಿಯ ಬಲಗಾಲು ತೂಗುಹಾಕಿದ್ದರು. ತೊಡೆಯ ಮೂಳೆ, ಬಲಗೈಯ ಮಣಿಕಟ್ಟು. ನನ್ನನ್ನು ಕಂಡು ಅವರೇ ಸಮಾಧಾನ ಹೇಳಿದರು. “ನಂದೇ ತಪ್ಪು ದಯಣ್ಣ. ತಿರುವಿನಲ್ಲಿ ಬ್ರೇಕು ಹಿಡ್ದೆ ಅಂತ ಕಾಣ್ತದೆ. ನೀವು ಇಷ್ಟು ದೂರ ಯಾಕೆ ಬಂದದ್ದು?” ತಲೆಯ ಹತ್ತಿರ ಇದ್ದ ಕಿತ್ತಳೆ ಸುಲಿದು ಕೊಡಲು ಎಡಗೈಯಲ್ಲಿ ಪ್ರಯತ್ನಿಸಿದರು. ಆ ಕಿತ್ತಳೆಯನ್ನು ನಾನು ತಿಂದು ಬಂದೆ. ಹೇಳಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ನಿಮಗೆ ತಿಳಿಯುತ್ತಿರಲಿಲ್ಲ, ಅಲ್ಲವೇ?

ಎರಡನೆಯ ಸಲ ಗೋಣಿ ಹಿಡಿದುಕೊಂಡೇ ಹೋದೆ. ಮಂಚದ ಬದಿಯಲ್ಲಿ ಟಯರು ಬಿಚ್ಚಿ, ಗೀರು, ಅಂಕೆ ಉಜ್ಜಿದ ಜಾಗ ತೋರಿಸಿ, ಹೊಗೆಯಿಂದ ಹಿಡಿದು ‘ಆದೀತು’ವರೆಗೆ ಎಲ್ಲ ಹೇಳಿದೆ. ಅವರು ಎಡಗೈ ಚಾಚಿ ಗೀರಿನ ಮೇಲೆ ಬೆರಳಾಡಿಸಿದರು.

“ನಿಮ್ಗೆ ಗೊತ್ತಿತ್ತು,” ಎಂದರು.

“ಗೊತ್ತಿತ್ತು.”

“ನಾನು ನಿಮ್ಮ ಮುಖ ನೋಡಿ ಕೇಳಿದ್ದೆ.”

“ಹೌದು ಚೇಚಿ. ನನ್ನದು ದೊಡ್ಡ ತಪ್ಪು. ಕ್ಷಮಿ...”

“ಬೇಡ! ಅದನ್ನು ಹೇಳ್ಬೇಡಿ. ಕೇಳ್ಲಿಕ್ಕೆ ಓಕರಿಕೆ ಬರ್ತದೆ ನನ್ಗೆ.” ಮುಖ ಗೋಡೆಗೆ ತಿರುಗಿಸಿದರು. ನಾನು ಎದ್ದು ಬಾಗಿಲವರೆಗೆ ಬಂದಾಗ ಹಿಂದಿನಿಂದ ಸ್ವರ ಬಂತು. “ಅಲ್ಲಿ ಅರುವತ್ತು ಪೆಟ್ಟಿಗೆ ಉಂಟು. ನೋಡುವವರಿಲ್ಲ. ಇರುವೆ ಹತ್ತಿದ್ರೆ ಹುಳಗಳು ಬಿಟ್ಟು ಹೋಗ್ತವೆ. ನಾಳೆಯಿಂದ ನೀವು ಹೋಗ್ಬೇಕು. ನನ್ಗೆ ಕಾಲು ಬರುವ ತನಕ.”

ಮೊದಲ ದಿನ ಜೇನು ಕಚ್ಚಿ ನನ್ನ ಎಡಗಣ್ಣು ಮುಚ್ಚಿಹೋಯಿತು. ಬೆಳಿಗ್ಗೆ ಹತ್ತರವರೆಗೆ ತೋಟ, ಆಮೇಲೆ ಅಂಗಡಿ. ಪೆಟ್ಟಿಗೆಯ ಕಾಲುಗಳಿಗೆ ಇರುವೆ ಹತ್ತದಂತೆ ಇಟ್ಟ ಬಟ್ಟಲಿಗೆ ನೀರು ತುಂಬಿಸುವುದು, ಜೇನು ತೆಗೆಯುವುದು, ಮಳೆ ಹಿಡಿದ ಮೇಲೆ ಹುಳಗಳಿಗೆ ಸಕ್ಕರೆ ಪಾಕ ಇಡುವುದು. ಚೇಚಿ ಫೋನಿನಲ್ಲಿ ಹೇಳಿದಷ್ಟನ್ನೇ ಮಾಡುತ್ತಿದ್ದೆ. ಕೆಲಸದ ಮಾತು ಬಿಟ್ಟು ಒಂದು ಶಬ್ದ ಹೆಚ್ಚು ಅವರು ಆಡುತ್ತಿರಲಿಲ್ಲ. ಅವರು ದಿನಾ ಹೋಗುತ್ತಿದ್ದ ದಾರಿಯಲ್ಲೇ ನಾನು ಹೋಗುತ್ತಿದ್ದೆ. ಪಾಚಿ ಹಿಡಿದ ಕೆಂಪು ಮುರಕಲ್ಲು, ನೀರು ಕೊರೆದ ಚರಳು, ತಟ್ಟನೆ ಡಾಂಬರು. ಆ ದಾರಿಗೆ ಯಾವ ಟಯರು ಸರಿ ಎಂದು ಮಾರುವ ಮೊದಲು ನಾನೊಮ್ಮೆ ಹೋಗಿ ನೋಡಿದ್ದೆನೇ? ಹದಿನಾಲ್ಕು ಪೆಟ್ಟಿಗೆಯ ಹುಳಗಳು ಬಿಟ್ಟುಹೋದವು. ನಲವತ್ತಾರು ಉಳಿದವು.

ತಂಗಿ ನನ್ನ ಮನೆಯ ಅಂಗಳದಲ್ಲಿ ನಿಂತೇ ಜಗಳ ಮಾಡಿದ್ದು ಮಳೆ ಜಡಿಯುವ ಆಟಿ ತಿಂಗಳಲ್ಲಿ. ಚೇಚಿ ಪೊಲೀಸರಿಗೆ ದೂರು ಕೊಟ್ಟಿದ್ದರು. “ಒಂದು ಹೊರಗಿನವಳಿಗೆ ಬೇಕಾಗಿ ನನ್ನ ಗಂಡನನ್ನು ಒಳಗೆ ಹಾಕಿಸ್ತೀಯಾ ಅಣ್ಣಾ? ನಿನ್ಗೆ ಗೊತ್ತಿರ್ಲಿಲ್ಲ ಅಂತ ಹೇಳು, ಮುಗೀತು” ಎಂದಳು. ಅವಳ ಗಂಡ ಈಗ ಬೇರೆ ಕಡೆ ಅಂಗಡಿ ಹಾಕಿದ್ದಾನೆ. ಹೊಸ ಬೋರ್ಡು, ಬಣ್ಣದ ಲೈಟು, ಹಿಂದೆ ಶೀಟಿನ ಕೋಣೆ. ಅದರ ಎದುರು ಹಾದುಹೋಗುವಾಗ ಮೂಗಿಗೆ ಆ ವಾಸನೆ ಬರುತ್ತದೆ. ನಿಜವಾಗಿ ಬರುತ್ತದೋ ನನ್ನ ಮೂಗಿನಲ್ಲೇ ಕೂತಿದೆಯೋ... ಎದುರಿಗೆ ಬೈಕುಗಳ ಸಾಲು ಮಾತ್ರ ನಿಜ. ಜನ ನಗುತ್ತಾ ಹಾಕಿಸಿಕೊಂಡು ಹೋಗುತ್ತಾರೆ. ಒಬ್ಬರೂ ಉಗುರು ಒತ್ತಿ ನೋಡುವುದಿಲ್ಲ.

ಇವತ್ತು ಬೆಳಿಗ್ಗೆ ಲಿಸ್ಸಿ ಚೇಚಿ ಆಟೋದಲ್ಲಿ ಬಂದು ಇಳಿದರು, ಹಮೀದಾಕ. ಕೋಲು ಇಲ್ಲ. ಸ್ವಲ್ಪ ಕುಂಟು ಉಳಿದಿದೆ. ಬೈಕನ್ನು ನಾನು ಮೊದಲೇ ರಿಪೇರಿ ಮಾಡಿ ಇಟ್ಟಿದ್ದೆ. ಎರಡು ಟಯರು ತಂದು ಎದುರಿಗಿಟ್ಟೆ. ಮುಂದಿನದಕ್ಕೆ ಸ್ವಲ್ಪ ಬಿಡಿ ಹಲ್ಲು, ಹಿಂದಿನದಕ್ಕೆ ನಡುಪಟ್ಟಿ. ಅವರು ಸ್ಟೂಲು ಎಳೆದು ಕೂತು ಕನ್ನಡಕ ಹಾಕಿಕೊಂಡರು. ಅಂಕೆ ಓದಿದರು. ಬಗ್ಗಿಸಿದರು. ಗೀರಿನ ತಳಕ್ಕೆ ಬೆರಳು ಹಾಕಿ ನೋಡಿದರು. ಹಿಂದಿನ ಟಯರಿನ ಅಂಚಿನಲ್ಲಿ ಒಂದು ಸಣ್ಣ ತರಚು. ಗೋದಾಮಿನಲ್ಲಿ ಆದದ್ದು, ಏನೂ ಆಗುವಂಥದ್ದಲ್ಲ. “ಇದು ಬೇಡ” ಎಂದರು. ನಾನು ಬೇರೆಯದು ತಂದೆ. ಅದನ್ನೂ ಅಷ್ಟೇ ಹೊತ್ತು ನೋಡಿ ತಲೆಯಾಡಿಸಿದರು. ಹಾಕಿ, ಗಾಳಿ ಅಳೆದು, ಅಳತೆಯ ಮುಳ್ಳನ್ನು ಅವರಿಗೆ ತೋರಿಸಿದೆ. ಅವರು ಹೆಲ್ಮೆಟ್ ಹಾಕಿ, ಒದ್ದೆ ರಸ್ತೆಗೆ ಮೆಲ್ಲ ಇಳಿದು, ತಿರುವು ದಾಟಿ ಹೋದರು. ಥ್ಯಾಂಕ್ಸ್ ಹೇಳಲಿಲ್ಲ. ನಗಲೂ ಇಲ್ಲ.

ನಾಡಿದ್ದು ನಾನು ಠಾಣೆಯಲ್ಲಿ ಹೇಳಿಕೆ ಕೊಡಬೇಕು. ಗೋಣಿಯಲ್ಲಿ ಕಟ್ಟಿಟ್ಟ ಟಯರನ್ನು ಜೊತೆಗೆ ಒಯ್ಯುತ್ತೇನೆ. ಹೊಗೆ ನೋಡಿದ್ದೆ, ಬಾಗಿಲು ಹಾಕಿಸಿದ್ದೆ, ಗೊತ್ತಿದ್ದೂ ‘ಆದೀತು’ ಎಂದಿದ್ದೆ ಎಂದು ಅಲ್ಲಿ ಬರೆಸುತ್ತೇನೆ. ನನ್ನ ಮೇಲೂ ಕೇಸು ಆಗಬಹುದು ಎಂದು ವಕೀಲರು ಹೇಳಿದ್ದಾರೆ. ಆಗಲಿ. ಆಯಿಶಮ್ಮನಿಗೆ ನಿನ್ನೆಯೇ ಹೋಗಿ ಎಲ್ಲ ಹೇಳಿದೆ. ಅವರು ಅತ್ತರು, ಬಯ್ದರು, ಬೀಗದ ಕೈಯನ್ನು ಮಾತ್ರ ವಾಪಸು ಕೇಳಲಿಲ್ಲ. ಅದನ್ನು ಕೊಡುವುದೋ ಇಟ್ಟುಕೊಳ್ಳುವುದೋ ಎಂದು ಆ ಹೇಳಿಕೆ ಕೊಟ್ಟ ಮೇಲೆ ನಾನೇ ಹೋಗಿ ಕೇಳುತ್ತೇನೆ.

ಪತ್ರದ ಕೊನೆಗೆ ‘ನಿಮ್ಮ ಶಿಷ್ಯ’ ಎಂದು ಬರೆಯಬೇಕು. ಬರೆಯಲು ಕೈ ಬರುತ್ತಿಲ್ಲ. ಸದ್ಯಕ್ಕೆ ಬರೀ ಹೆಸರು.

ದಯಾನಂದ